ಚಾಕುವಿಗೆ ಸಾಣೆಕಲ್ಲೇ ಸರಿ

ಮಾನ್ಯರೇ,

ಚಾಕು ಹರಿತ ಮಾಡಲು ಸೀಳಿನಲ್ಲಿಟ್ಟು ಎಳೆಯುವ ಪುಟ್ಟ ಸಾಧನವನ್ನು ಈಗ ಎಲ್ಲರೂ ಕೊಳ್ಳುತ್ತಿದ್ದಾರೆ. ನಮ್ಮ ಮನೆಯಲ್ಲೂ ಇತ್ತು. ನಾಲ್ಕು ಸಲ ಎಳೆದರೆ ಹರಿತವೇನೋ ಬರುತ್ತದೆ, ಆದರೆ ಅದು ಅಲಗನ್ನು ಕೆರೆದು ಕೆರೆದು ಸವೆಸುತ್ತದೆ, ಎರಡೇ ವರ್ಷದಲ್ಲಿ ನಮ್ಮ ತರಕಾರಿ ಚಾಕುವಿನ ಅಂಚು ಅಂಕುಡೊಂಕಾಗಿ, ಟೊಮೆಟೊ ಮೇಲೆ ಜಾರಿ ಅಮ್ಮನ ಹೆಬ್ಬೆರಳು ಕೊಯ್ದಿತು. ಮೊಂಡು ಚಾಕುವೇ ಜಾಸ್ತಿ ಅಪಾಯ, ಯಾಕೆಂದರೆ ಒತ್ತಿ ಹೆಚ್ಚಬೇಕಾಗುತ್ತದೆ ಅಲ್ವಾ?

ಸಾಣೆಕಲ್ಲು ಕಲಿಯುವುದು ಕಷ್ಟವಲ್ಲ. 1000 ಗ್ರಿಟ್‌ನ (ಗ್ರಿಟ್ ಅಂದರೆ ಕಲ್ಲು ಎಷ್ಟು ನಯ ಎಂಬುದರ ಅಳತೆ) ಒಂದು ಕಲ್ಲು ಸಾಕು. ಹತ್ತು ನಿಮಿಷ ನೀರಲ್ಲಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ. ಚಾಕುವಿನ ಬೆನ್ನನ್ನು ಕಿರುಬೆರಳು ತೂರುವಷ್ಟು ಎತ್ತಿ, ಅಂದರೆ ಸುಮಾರು 15ರಿಂದ 20 ಡಿಗ್ರಿ, ಅದೇ ಓರೆಯಲ್ಲಿ ಉಜ್ಜಿ. ಅಲಗಿನ ಇನ್ನೊಂದು ಬದಿಯಲ್ಲಿ, ಉಜ್ಜಿದ್ದರಿಂದ ಅಂಚಿನಲ್ಲಿ ಎದ್ದ ಲೋಹದ ಸಣ್ಣ ತರಿ ಬೆರಳಿಗೆ ಸಿಕ್ಕಿತೆಂದರೆ ಆ ಕಡೆ ಮುಗಿಯಿತು, ಮಗುಚಿ ಹಾಕಿ. ಅವಸರವಿದ್ದರೆ ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚೂ ಆಗುತ್ತದೆ.

ಈಳಿಗೆಮಣೆ, ಕತ್ತಿಯನ್ನು ಮಾತ್ರ ಬೀದಿಗೆ ಬರುವ ಸಾಣೆಯವರಿಗೇ ಕೊಡಿ. ಚಕ್ರದಲ್ಲಿ ಕಿಡಿ ಹಾರುವಾಗ ನಡುನಡುವೆ ನೀರಿಗೆ ಅದ್ದಲು ಹೇಳಿ. ಅಲಗು ಕಾದು ನೀಲಿಯಾದರೆ ಉಕ್ಕು ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ.

- ಓದುಗ, ಶಿವಮೊಗ್ಗ