ನಿಂತುಹೋದ ಚಿತ್ರದ ಕೆಲಸ, ಅದನ್ನು ಮಾಡಿದವರಿಗಾದರೂ ಸಿಗಲಿ

ಮಾನ್ಯ ಸಂಪಾದಕರೇ,

ಅನಿಮೇಷನ್ ಚಿತ್ರವೊಂದು ನಡುವೆಯೇ ನಿಂತಿತು ಎಂಬ ಸುದ್ದಿಯಲ್ಲಿ ಎಷ್ಟು ಕೋಟಿ ಮುಳುಗಿತು ಎಂಬ ಲೆಕ್ಕ ತಪ್ಪದೆ ಇರುತ್ತದೆ. ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿರುವ ನಾನು ಆ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಹೇಳಬೇಕೆಂದು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಚಿತ್ರದಲ್ಲಿ ನನ್ನ ಪಾಲಿಗೆ ಬಂದದ್ದು ಅಜ್ಜಿಯೊಬ್ಬಳು ಸೂಜಿಗೆ ದಾರ ಪೋಣಿಸುವ ಶಾಟ್. ಆರು ಸೆಕೆಂಡು, ಅಂದರೆ ಸೆಕೆಂಡಿಗೆ 24 ಚೌಕಟ್ಟಿನಂತೆ 144 ಫ್ರೇಮು. ಎರಡು ಸಲ ದಾರ ತಪ್ಪಬೇಕು, ಮೂರನೆಯ ಸಲ ಅದರ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿಕೊಂಡು ಪೋಣಿಸಬೇಕು. ಕಣ್ಣು ಕಿರಿದಾಗುವುದು ಮೊದಲೋ, ಕತ್ತು ಹಿಂದೆ ಸರಿಯುವುದು ಮೊದಲೋ? ಕನ್ನಡಿಯ ಮುಂದೆ ಕೂತು ನಾನೇ ಹತ್ತಾರು ಸಲ ದಾರ ಪೋಣಿಸಿ ನೋಡಿದೆ. ಮೂರು ವಾರ ಹಿಡಿಯಿತು. ನಿರ್ದೇಶಕರು ಒಪ್ಪಿದರು. ಮರುತಿಂಗಳು ಒಂದು ಬೆಳಿಗ್ಗೆ ಎಲ್ಲರನ್ನೂ ಕರೆದು ಚಿತ್ರ ನಿಂತಿದೆ ಎಂದರು. ಸಂಜೆಯ ಹೊತ್ತಿಗೆ ನಮ್ಮ ಪಾಸ್‌ವರ್ಡುಗಳು ಕೆಲಸ ಮಾಡುತ್ತಿರಲಿಲ್ಲ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರಿಂದ ಆ ಆರು ಸೆಕೆಂಡು, ಕೆಲಸ ಕೇಳುವಾಗ ತೋರಿಸುವ ನನ್ನ ಶೋ ರೀಲ್‌ನಲ್ಲಿಲ್ಲ. ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು ಅದೇ. ಅಮ್ಮನಿಗೂ ತೋರಿಸಲಾಗಿಲ್ಲ.

ಚಿತ್ರ ನಿಲ್ಲಿಸಲೇಬಾರದು ಎಂದು ನಾನು ವಾದಿಸುತ್ತಿಲ್ಲ. ಕತೆ ಕೂಡಿಬರದಿದ್ದರೆ ಬಿಡಲೇಬೇಕಾಗುತ್ತದೆ. ಪಿಕ್ಸಾರ್ 2008ರಲ್ಲಿ ಘೋಷಿಸಿದ ‘ನ್ಯೂಟ್’ ಅನ್ನು 2010ರಲ್ಲಿ ಕೈಬಿಟ್ಟಿತು. ಡಿಸ್ನಿಯ ‘ಕಿಂಗ್‌ಡಮ್ ಆಫ್ ದ ಸನ್’ ಗಂಭೀರ ಕಥನವಾಗಿ ಶುರುವಾಗಿ, ಅದರ ನಿರ್ದೇಶಕ ರೋಜರ್ ಆಲರ್ಸ್ ಹೊರನಡೆದ ಮೇಲೆ, 2000ದಲ್ಲಿ ಪೂರಾ ಹಾಸ್ಯಚಿತ್ರವಾಗಿ ತೆರೆಕಂಡಿತು. ಅವೆಲ್ಲ ಈ ಕೆಲಸದ ಜೊತೆಗೇ ಬರುವ ಕಷ್ಟಗಳು.

ನನಗೆ ಸಂಕಟವಾಗುವುದು ಮುಗಿಯುತ್ತ ಬಂದ ಚಿತ್ರವನ್ನು ಡಬ್ಬಕ್ಕೆ ಹಾಕುವಾಗ. 2022ರ ಆಗಸ್ಟ್‌ನಲ್ಲಿ ವಾರ್ನರ್ ಸಂಸ್ಥೆ ‘ಸ್ಕೂಬ್! ಹಾಲಿಡೇ ಹಾಂಟ್’ ಅನ್ನು ರದ್ದು ಮಾಡಿತು. ರದ್ದಾದ ಮೇಲೂ ಅದರ ತಂಡ ಸಂಗೀತದ ಧ್ವನಿಮುದ್ರಣ ಮುಗಿಸಿತು, ಏಕೆಂದರೆ ಸ್ಟುಡಿಯೋಗೂ ವಾದ್ಯಗಾರರಿಗೂ ಹಣ ಆಗಲೇ ಕೊಟ್ಟಾಗಿತ್ತು. ಯಾರೂ ನೋಡದ ಚಿತ್ರಕ್ಕೆ ಆ ವಾದ್ಯಗಾರರು ಹೇಗೆ ನುಡಿಸಿದರೋ! ಮರುವರ್ಷ ಅದೇ ಸಂಸ್ಥೆ ‘ಕೊಯೋಟಿ ವರ್ಸಸ್ ಆಕ್ಮಿ’ ಅನ್ನು ಪೂರ್ತಿ ಸಿದ್ಧವಾದ ಮೇಲೆ ಪಕ್ಕಕ್ಕಿಟ್ಟು, ನಷ್ಟವೆಂದು ಬರೆದು ತೆರಿಗೆ ಉಳಿಸಿಕೊಳ್ಳಲು ಹೊರಟಿತು. ದೊಡ್ಡ ಗಲಾಟೆಯೆದ್ದ ಮೇಲೆ, 2025ರಲ್ಲಿ ಬೇರೊಂದು ಸಂಸ್ಥೆ ಅದನ್ನು ಕೊಂಡಿತು.

ನಮ್ಮ ವೃತ್ತಿಯವರು ಮರೆಯದ ಹೆಸರು ಅನಿಮೇಷನ್ ನಿರ್ದೇಶಕ ರಿಚರ್ಡ್ ವಿಲಿಯಮ್ಸ್. 1964ರಲ್ಲಿ ಶುರು ಮಾಡಿದ ‘ದ ಥೀಫ್ ಅಂಡ್ ದ ಕಾಬ್ಲರ್’ಗೆ ಅವರು ಸುಮಾರು ಮೂರು ದಶಕ ದುಡಿದರು. ಅದರ ಬಹುಪಾಲು, ಸೆಕೆಂಡಿಗೆ 24 ಚಿತ್ರಗಳಂತೆ ಕೈಯಲ್ಲೇ ಬರೆದದ್ದು. ಗಡುವು ಮೀರಿತೆಂದು 1992ರ ಮೇ ತಿಂಗಳಲ್ಲಿ, ಚಿತ್ರ ಮುಗಿಸುವ ಹೊಣೆಗೆ ಜಾಮೀನು ನಿಂತಿದ್ದ ಕಂಪನಿ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಬೇರೆಯವರಿಂದ ಹಾಡು ಸೇರಿಸಿ ಮುಗಿಸಿತು. 1995ರ ಅಮೆರಿಕದ ಆವೃತ್ತಿಯಲ್ಲಿ ಮೂಕನಾಗಿದ್ದ ಕಳ್ಳನ ಬಾಯಿಗೂ ಮಾತು ತುರುಕಿದರು. ಆದರೆ ವಿಲಿಯಮ್ಸರ ಅಪೂರ್ಣ ಪ್ರತಿಯೊಂದು ಉಳಿದಿತ್ತು. 2013ರಲ್ಲಿ ಆಸ್ಕರ್ ಅಕಾಡೆಮಿ ಅದನ್ನು ಪ್ರದರ್ಶಿಸಿದಾಗ ಅವರಿಗೆ ಎಂಬತ್ತು ವರ್ಷ.

ಉಳಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ಉದಾಹರಣೆ ‘ಡೆಸ್ಟಿನೋ’. ಚಿತ್ರಕಲಾವಿದ ಸಾಲ್ವಡಾರ್ ಡಾಲಿ ಡಿಸ್ನಿಗಾಗಿ 1945–46ರಲ್ಲಿ ಬರೆದ ಚಿತ್ರಗಳು ಸಂಸ್ಥೆಯ ಸಂಗ್ರಹದಲ್ಲೇ ಇದ್ದುದರಿಂದ 2003ರಲ್ಲಿ ಆ ಕಿರುಚಿತ್ರ ಪೂರ್ತಿಯಾಯಿತು. 2021ರಲ್ಲಿ ಬ್ಲೂ ಸ್ಕೈ ಸ್ಟುಡಿಯೋ ಮುಚ್ಚಿದಾಗ ನಡುವೆ ನಿಂತ ‘ನಿಮೋನಾ’ಗೂ ಬೇರೆ ಕಡೆ ನೆಲೆ ಸಿಕ್ಕಿತು, 2023ರಲ್ಲಿ ಬಿಡುಗಡೆಯಾಯಿತು.

ಚಿತ್ರ ನಿಂತು ಒಂದೆರಡು ವರ್ಷ ಕಳೆದ ಮೇಲಾದರೂ ಕಲಾವಿದರು ತಾವು ಮಾಡಿದ ಶಾಟ್‌ಗಳನ್ನು ಕೆಲಸ ಕೇಳುವಾಗ ತೋರಿಸಲು ಕರಾರಿನಲ್ಲೇ ಅವಕಾಶ ಇರಬೇಕು. ಸ್ಟೋರಿಬೋರ್ಡು (ಕತೆಯನ್ನು ದೃಶ್ಯದಿಂದ ದೃಶ್ಯಕ್ಕೆ ಬರೆದಿಟ್ಟ ಚಿತ್ರಗಳು), ಅಪೂರ್ಣ ಪ್ರತಿ ಎಲ್ಲವೂ ಯಾವುದಾದರೂ ಚಲನಚಿತ್ರ ಸಂಗ್ರಹಾಲಯ ಸೇರಬೇಕು. ಕತೆ, ಪಾತ್ರ, ಹಕ್ಕುಗಳು ಸ್ಟುಡಿಯೋದ ಬಳಿಯೇ ಇರಲಿ. ನಾನು ಕೇಳುತ್ತಿರುವುದು 144 ಫ್ರೇಮು.

ಮುಂದೆ ಇಂಥ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು ಆ ಚಿತ್ರಕ್ಕೆ ದುಡಿದವರನ್ನೂ ಒಂದು ಮಾತು ವಿಚಾರಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಅನಿಮೇಷನ್ ಕಲಾವಿದೆ