ಭಾನುವಾರದ ಸಿನಿಮಾ: ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ಗುಂಪು ನೋಡಲಿರುವ ‘ವೇಟ್ರೆಸ್’ ಚಿತ್ರ ಸಂಜೆ 6ರ ಬದಲು ಮಧ್ಯಾಹ್ನ 3 ಗಂಟೆಗೆ ಶುರುವಾಗುತ್ತದೆ. ಆಲ್ದೂರು, ಮೂಡಿಗೆರೆ ಕಡೆಯವರಿಗೆ ಕತ್ತಲಾಗುವ ಮೊದಲೇ ಬಸ್ ಸಿಗಬೇಕು. ಜಾಗ ಚಿಕ್ಕಮಗಳೂರಿನ ಅದೇ ಸಭಾಂಗಣ.

ಅಮೆರಿಕದ ಸಣ್ಣ ಊರೊಂದರ ಹೋಟೆಲಿನಲ್ಲಿ ಪೈ ಎಂಬ ತಿನಿಸು ಮಾಡುವ ಜೆನ್ನಾ, ದಬ್ಬಾಳಿಕೆಯ ಗಂಡನಿಂದ ಬಿಡಿಸಿಕೊಳ್ಳಲು ಗುಟ್ಟಾಗಿ ಹಣ ಕೂಡಿಡುತ್ತಾಳೆ. ನಗಿಸುತ್ತಲೇ ಕರುಳು ಹಿಂಡುವ ಚಿತ್ರ. 2007ರ ಮೊದಲ ಪ್ರದರ್ಶನ ನೋಡಲು ನಿರ್ದೇಶಕಿ ಏಡ್ರಿಯನ್ ಶೆಲ್ಲಿ ಬದುಕಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಗಂಡ ಕೈಮಾಡುವ ದೃಶ್ಯವಿದೆ, ಮಕ್ಕಳನ್ನು ಕರೆತರಬೇಡಿ. ನಡುವೆ ಯಾರಾದರೂ ಎದ್ದು ಹೋದರೆ ದಯವಿಟ್ಟು ಕಾರಣ ಕೇಳಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ, ಕುರ್ಚಿ ಮತ್ತು ಕಾಫಿಗೆ ಲೆಕ್ಕ ಬೇಕು. ಪ್ರೊಜೆಕ್ಟರ್ ಜೋಡಿಸಲು ಇಬ್ಬರು 2 ಗಂಟೆಗೇ ಬಂದರೆ ಉಪಕಾರವಾಗುತ್ತದೆ.