ಬೀರುವಿಗೆ ಗಿರಾಕಿ ಇದ್ದಾರೆ, ಸೋಫಾಕ್ಕೆ ಯಾರೂ ಇಲ್ಲ

ಮಾನ್ಯರೇ,

ಮೈಸೂರಿನ ಹಳೇ ಬಡಾವಣೆಗಳಲ್ಲಿ ಮನೆಗಳು ಒಂದೊಂದಾಗಿ ಖಾಲಿ ಆಗುತ್ತಿವೆ. ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆ ಮಾರುವುದು ಹೇಗೋ ಆಗುತ್ತದೆ. ಒಳಗಿನ ಸಾಮಾನು ಸಾಗಿಸುವುದೇ ದೊಡ್ಡ ತಲೆನೋವು. ಹೋದ ವರ್ಷ ನನ್ನ ಅಕ್ಕ ತೀರಿಕೊಂಡಾಗ ಕುವೆಂಪುನಗರದ ಅವಳ ಮನೆ ಖಾಲಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದು ನಿವೃತ್ತನಾದವನು. "ಮಾವ, ಮರದ ವಿಷಯ ನಿಮಗೇ ಗೊತ್ತು, ನೀವೇ ನೋಡಿಕೊಳ್ಳಿ" ಎಂದು ಸೋದರಳಿಯಂದಿರು ಬೀಗದ ಕೈ ಕೊಟ್ಟು ಹೋದರು.

ಒಳ್ಳೆಯ ಮರಕ್ಕೆ ಯಾವತ್ತೂ ಗಿರಾಕಿ ಇದ್ದಾನೆ. ಭಾವ ಮದುವೆಯಾದ ಹೊಸದರಲ್ಲಿ ಮಾಡಿಸಿದ್ದ ಬೀಟೆ ಮಂಚವನ್ನು ಹಳೇ ಸಾಮಾನಿನ ಅಂಗಡಿಯವರು ಬಂದು, ಬೆರಳಲ್ಲಿ ತಟ್ಟಿ ನೋಡಿ, ಚೌಕಾಸಿ ಮಾಡಿ ತಗೊಂಡು ಹೋದರು. ಬೆಣೆ ಹೊಡೆದು ಕೂರಿಸಿದ ಮಂಚ ಅದು, ಒಂದು ಮೊಳೆ ಇಲ್ಲ. ಕಳಚಿದರೆ ನಾಲ್ಕು ಕಾಲು, ನಾಲ್ಕು ಪಟ್ಟಿ, ಹಲಗೆ. ಇನ್ನೊಂದು ಮನೆಯಲ್ಲಿ ಮತ್ತೆ ಜೋಡಿಸಿದರೆ ಇನ್ನೊಂದು ತಲೆಮಾರು ಮಲಗಬಹುದು. ಕಬ್ಬಿಣದ ಬೀರು ಗುಜರಿಯವನ ತಕ್ಕಡಿ ಸೇರಿತು. ಹತ್ತಿ ಹಾಸಿಗೆಯ ಹತ್ತಿಯನ್ನು ಹಿಂಜಿಸಿ, ಹೊಸ ಬಟ್ಟೆ ಹೊಲಿಸಿ ಮಗಳ ಮನೆಗೆ ಕೊಟ್ಟೆ.

ಉಳಿದದ್ದು ನೋಡಿ: ರೆಕ್ಸಿನ್ ಸೋಫಾ ಸೆಟ್, ಫೋಮ್ ಹಾಸಿಗೆ, ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್ ಮತ್ತು ಟಿವಿ ಶೋಕೇಸು. ಎಲ್ಲವೂ ಆಚೆ ಈಚೆ ಹತ್ತು ಹದಿನೈದು ವರ್ಷದ ಸಾಮಾನು. ಅಂಗಡಿಯವನು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಕಸದ ಆಟೋದ ಹುಡುಗ "ಯಜಮಾನ್ರೇ, ಇದನ್ನೇ ಹಾಕ್ಕೊಂಡ್ರೆ ಬೀದಿ ಕಸ ಎಲ್ಲಿಗೆ ತುಂಬ್ಲಿ?" ಅಂದ. ಅವನು ಹೇಳಿದ್ದು ನ್ಯಾಯವೇ. ಅಷ್ಟು ಪುಟ್ಟ ಗಾಡಿ ಅದು. ಅನಾಥಾಶ್ರಮಕ್ಕೆ ಕೊಡಿ ಎಂದು ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ಕೂತರೆ ಕುಸಿಯುವ ಸೋಫಾ ಆ ಮಕ್ಕಳಿಗೆ ಮಾತ್ರ ಯಾಕೆ ಬೇಕು? ನಮ್ಮ ಕಸ ಅವರಂಗಳಕ್ಕೆ ಹಾಕಿ ಪುಣ್ಯ ಬಂತು ಅಂದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಗೆ ಒಬ್ಬ ಗೂಡ್ಸ್ ಆಟೋದವನು ಸಿಕ್ಕಿದ. "ಒಂದೂವರೆ ಸಾವಿರ ಕೊಡಿ, ಎಲ್ಲಾ ಕ್ಲೀನ್ ಮಾಡ್ತೀನಿ" ಅಂದ. ಎಲ್ಲಿಗೆ ಹಾಕ್ತೀಯಪ್ಪಾ ಎಂದೆ. "ಅದೆಲ್ಲ ನಿಮಗ್ಯಾಕೆ ಸಾರ್, ರಿಂಗ್ ರೋಡ್ ಇದೆಯಲ್ಲ." ರಿಂಗ್ ರಸ್ತೆಯ ಪಕ್ಕ ಇಟ್ಟಿಗೆ ಚೂರಿನ ಜೊತೆ ಮಂಚ, ದಿಂಬು, ಕಮೋಡು ಎಲ್ಲ ಬಿದ್ದಿರುವುದು ಹೇಗೆ ಅಂತ ಆಗ ತಿಳಿಯಿತು. ಅವನನ್ನು ವಾಪಸ್ ಕಳಿಸಿದೆ.

ಆಮೇಲೆ ಉಳಿ, ಕಟಿಂಗ್ ಪ್ಲೇಯರ್ ಹಿಡಿದು ನಾನೇ ಕೂತೆ. ಸೋಫಾ ತಿರುಗಿಸಿ ಹಾಕಿ, ಅಡಿಯ ಕಪ್ಪು ಬಟ್ಟೆ ಕಿತ್ತರೆ ಸಾಲು ಸಾಲು ಸ್ಟೇಪಲ್ ಪಿನ್ನು. ಒಂದೊಂದನ್ನೂ ಎಬ್ಬಿಸಿ ತೆಗೆಯಬೇಕು. ರೆಕ್ಸಿನ್ ಕೆಳಗೆ ಫೋಮು, ಅದರ ಕೆಳಗೆ ತೆಂಗಿನ ನಾರು, ಆಮೇಲೆ ಸ್ಪ್ರಿಂಗು. ಕೊನೆಗೆ ಕಂಡ ಚೌಕಟ್ಟು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ! ಒಂದು ಕಡೆ ಯಾವುದೋ ಕಂಪನಿಯ ಮುದ್ರೆಯೂ ಹಾಗೇ ಇತ್ತು. ಅಕ್ಕ ಅದನ್ನು ಸಾಗುವಾನಿ ಅಂತ ನಂಬಿ ದುಡ್ಡು ಕೊಟ್ಟಿದ್ದಳು. ಸ್ಪ್ರಿಂಗು ಗುಜರಿಗೆ ಹೋಯಿತು, ಹಲಗೆ ಹಂಡೆ ಒಲೆಗೆ ಆಯಿತು. ಫೋಮು ಮಾತ್ರ ಯಾರಿಗೂ ಬೇಡ.

ಪಾರ್ಟಿಕಲ್ ಬೋರ್ಡಿನ ಕಥೆ ಇನ್ನೂ ಕಷ್ಟ. ಮರದ ಪುಡಿ, ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ ಅದು. ಒಮ್ಮೆ ಸ್ಕ್ರೂ ಬಿಚ್ಚಿದರೆ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ನೀರು ತಗುಲಿದರೆ ಉಬ್ಬುತ್ತದೆ. ಅಂದರೆ ಕಳಚಿ ಇನ್ನೊಬ್ಬರಿಗೆ ಕೊಡುವ ಹಾಗೇ ಇಲ್ಲ. ಪಕ್ಕದ ಮನೆಯವರು "ಅದೂ ಮರವೇ ಅಲ್ವಾ, ಸುಮ್ನೆ ಒಲೆಗೆ ಹಾಕಿ" ಅಂದರು. ಹಾಕಬಾರದು. ಆ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ, ಸುಟ್ಟರೆ ಕಣ್ಣು ಗಂಟಲು ಉರಿಯುವ ಹೊಗೆ ಬರುತ್ತದೆ. ಫೋಮ್ ಸುಟ್ಟರೆ ಬರುವುದು ಇನ್ನೂ ಕೆಟ್ಟ ವಿಷಾನಿಲ. ಖಾಲಿ ಸೈಟಿನಲ್ಲಿ ಹಾಸಿಗೆಗೆ ಬೆಂಕಿ ಇಡುವವರು ಇದನ್ನು ದಯವಿಟ್ಟು ಗಮನಿಸಬೇಕು.

ಕಟ್ಟಡ ಕೆಡವಿದ ಅವಶೇಷಕ್ಕೆ 2016ರಿಂದ ಪ್ರತ್ಯೇಕ ನಿಯಮ ಇದೆ. ಟಿವಿ, ಫ್ರಿಜ್ಜಿನಂಥವುಗಳಿಗೆ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮ ಇದೆ, ಮರುಬಳಕೆಯ ಹೊಣೆ ತಯಾರಕರದ್ದೇ. ಆ ಟಿವಿ ಇಟ್ಟ ಶೋಕೇಸಿಗೆ ಅಂಥ ಹೊಣೆ ಹೊತ್ತವರು ಯಾರೂ ಕಾಣುವುದಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಅಭಿಯಾನದಲ್ಲಿ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್ – ಕಡಿಮೆ ಬಳಸಿ, ಮತ್ತೆ ಬಳಸಿ, ಮರುಸಂಸ್ಕರಿಸಿ) ಕೇಂದ್ರಗಳು ಅಂತ ತೆರೆದು ಹಳೇ ಬಟ್ಟೆ, ಪುಸ್ತಕ, ಆಟಿಕೆ ತಗೊಂಡರು. ಒಳ್ಳೆಯ ಕೆಲಸ. ಆದರೆ ಬಟ್ಟೆ ಗಂಟು ಕೈಯಲ್ಲಿ ಹಿಡಿದು ಹೋಗಬಹುದು, ಡಬಲ್ ಕಾಟ್ ಹಿಡಿದು ಹೋಗಲಾಗುತ್ತದೆಯೇ?

ಅಕ್ಕನ ಚಿಕ್ಕ ಮಗ ಟೋಕಿಯೋದಲ್ಲಿದ್ದಾನೆ. ಅಲ್ಲಿ ಇಂಥ ಸಾಮಾನಿಗೆ ಮೊದಲೇ ದಿನ ಗೊತ್ತು ಮಾಡಿಸಿ, ಅಂಗಡಿಯಲ್ಲಿ ದುಡ್ಡು ಕೊಟ್ಟು ಚೀಟಿ ತಂದು ಅಂಟಿಸಿ ಆಚೆ ಇಡಬೇಕಂತೆ. ಬೆಳಗ್ಗೆ ಗಾಡಿ ಬಂದು ಒಯ್ಯುತ್ತದೆ. ನಮ್ಮಲ್ಲೂ ಪಾಲಿಕೆಯವರು ತಿಂಗಳಿಗೊಂದು ದಿನ ವಾರ್ಡಿಗೆ ಒಂದು ಲಾರಿ ಕಳಿಸಬಾರದೇ? ದಿನಾ ಬೀದಿ ಗುಡಿಸುವ ಪೌರಕಾರ್ಮಿಕರ ಹೆಗಲಿಗೆ ಇದನ್ನು ಹೊರಿಸುವುದು ಬೇಡ. ಲೋಡಿಂಗ್‌ಗೆ ಬೇರೆ ಆಳು, ಅವರಿಗೆ ಬೇರೆ ಕೂಲಿ ಇರಲಿ. ಬಂದ ಸಾಮಾನಿನಲ್ಲಿ ಬಳಸಬಹುದಾದ್ದನ್ನು ಕುಂಬಾರಕೊಪ್ಪಲಿನಂಥ ಕಸ ವಿಂಗಡಣೆ ಘಟಕದ ಪಕ್ಕ ಒಂದು ಶೀಟಿನ ಶೆಡ್ಡಿನಲ್ಲಿ ಇಟ್ಟು, ಬೇಕಾದವರು ಬಂದು ಒಯ್ಯಲು ಬಿಟ್ಟರೆ ಸಾಕು. ಪ್ರತಿ ವರ್ಷ ಮಾನಸಗಂಗೋತ್ರಿಗೆ ಬರುವ ಎಷ್ಟು ಹುಡುಗರು ರೂಮಿಗೆ ಒಂದು ಮಂಚ, ಒಂದು ಮೇಜು ಹುಡುಕುತ್ತಾರೆ! ಕಾಲು ಅಲ್ಲಾಡುವ ಕುರ್ಚಿ ಸರಿ ಮಾಡಿಕೊಡಲು ನನ್ನಂಥ ನಿವೃತ್ತ ಬಡಗಿಗಳು ಊರಲ್ಲಿ ಬೇಕಾದಷ್ಟು ಇದ್ದೇವೆ. ಕರೆದರೆ ನಾನಂತೂ ಬರುತ್ತೇನೆ.

2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲು ನಿಂತ ಊರಿಗೆ ಇದು ಆಗದ ಕೆಲಸವಲ್ಲ. ಜನ ದುಡ್ಡು ಕೊಡುವುದಿಲ್ಲ ಎನ್ನಬೇಡಿ. ರಿಂಗ್ ರಸ್ತೆಗೆ ಸುರಿಯುವ ಗೂಡ್ಸ್ ಆಟೋದವನಿಗೆ ಈಗಲೇ ಕೊಡುತ್ತಿದ್ದಾರೆ. ಅದನ್ನೇ ರಸೀದಿ ಹರಿದು ತಗೊಳ್ಳಿ.

– ಒಬ್ಬ ನಿವೃತ್ತ ರೈಲ್ವೆ ಬಡಗಿ, ಮೈಸೂರು